ಅವ್ವ ಹೊಲಿದ ಕರಡಿ

ಓದುಗ ಸೋದರಿಯರೇ, ಹಿಂದಿನ ಪುಟದಲ್ಲಿ ಬಸ್ಸಾರನ್ನೋ ನಿಪ್ಪಟ್ಟನ್ನೋ ಮಾಡುವ ಕ್ರಮ ಓದಿಕೊಂಡು ಈ ಪುಟಕ್ಕೆ ಬಂದಿರುತ್ತೀರಿ. ಇಲ್ಲಿ ನೋಡಿದರೆ ಕರಡಿ! "ಇದೇನ್ರೀ, ಅಡುಗೆಮನೆ ಬಿಟ್ಟು ಕಾಡಿಗೆ ಹೊರಟಿದ್ದೀರಲ್ಲ" ಅಂತ ಮೂಗು ಮುರಿಯಬೇಡಿ. ನಾನು ಹೇಳಹೊರಟಿರುವುದು ಹೊಲಿಗೆಯ ವಿಷಯವೇ. ರವಿಕೆ, ಲಂಗದ ಹೊಲಿಗೆಯಲ್ಲ ಅಷ್ಟೆ.

2024ರ ಗೌರಿ ಹಬ್ಬದಲ್ಲಿ ನಮ್ಮೂರಿನ ಒಂದು ದೊಡ್ಡ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಊರು ಅರಸೀಕೆರೆ ಕಡೆಯದು. ನಮ್ಮ ಯಜಮಾನರು ಮೇಷ್ಟ್ರಾಗಿ ಇಲ್ಲಿಗೆ ವರ್ಗವಾಗಿ ಬಂದವರು ಇಲ್ಲೇ ನಿಂತುಬಿಟ್ಟರು. ಆ ಮನೆಯ ಹಿರಿಯರು ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಹಬ್ಬದ ಸಡಗರವಿರಲಿಲ್ಲ, ಆದರೂ ಬಂದ ಮುತ್ತೈದೆಯರನ್ನು ಬರಿಗೈಲಿ ಕಳಿಸಬಾರದು ಅಂತ ಸೊಸೆ ಕರೆದಿದ್ದಳು. ಒಳಗಿನ ಹಜಾರದಲ್ಲಿ, ಯಾವತ್ತೂ ಮುಚ್ಚಿರುತ್ತಿದ್ದ ಕೋಣೆಯಿಂದ ಹೊರಗೆ ತೆಗೆದು ಹಾಸಿದ್ದರು ಒಂದು ಕರಡಿ ಚರ್ಮ. ತಲೆ, ಹಲ್ಲು, ಗಾಜಿನ ಕಣ್ಣು ಎಲ್ಲಾ ಇದ್ದದ್ದು. ಅದರ ಬೆನ್ನಿನ ಮೇಲೆ ಒಂಬತ್ತು ತಿಂಗಳ ಮಗು ಬೋರಲು ಮಲಗಿ ಕೂದಲು ಎಳೆಯುತ್ತಾ ಆಡುತ್ತಿತ್ತು.

ನನ್ನ ಎದೆ ಧಸಕ್ಕೆಂದಿತು. ಮೊದಲು ಮಗುವನ್ನು ಎತ್ತಿಕೊಂಡೆ. "ಏನಾಯ್ತಾಂಟಿ?" ಅಂದಳು ಸೊಸೆ. "ಮೊದಲು ಇದರ ಕೈ ತೊಳಿಯಮ್ಮ" ಅಂದೆ.

ನಿಮಗೂ ಹೇಳಿಬಿಡುತ್ತೇನೆ, ಮರೆತುಹೋದೀತು. ನಿಮ್ಮ ಮನೆಯಲ್ಲಿ, ನಿಮ್ಮ ತವರಲ್ಲಿ, ಹಳೆಯ ಕಾಲದ ಜಿಂಕೆ ತಲೆಯೋ ಹುಲಿ ಚರ್ಮವೋ ಇದ್ದರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಹುಳು ಹಿಡಿಯದಿರಲಿ ಅಂತ ಆಗ ಚರ್ಮದ ಒಳಮೈಗೆ ಪಾಷಾಣ ಬೆರೆಸಿದ ಸಾಬೂನು ಹಚ್ಚುವುದು ವಾಡಿಕೆಯಾಗಿತ್ತು. ಪಾಷಾಣ ಹಾಲಿನ ಹಾಗೆ ಹಳಸಿ ಹೋಗುವ ವಸ್ತುವಲ್ಲ. ಐವತ್ತು ವರ್ಷ ಕಳೆದರೂ ಅಲ್ಲೇ ಇರುತ್ತದೆ. ಪೊರಕೆಯಲ್ಲಿ ಬಡಿದರೆ ಧೂಳಾಗಿ ಏಳುತ್ತದೆ. ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ನಮ್ಮಪ್ಪ ಅದೇ ಕೆಲಸದವರು.

ಮೈಸೂರಿನವರಾದರೆ ವ್ಯಾನ್ ಇಂಗನ್ ಹೆಸರು ಕೇಳಿಯೇ ಇರುತ್ತೀರಿ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಯೂಜೀನ್ ವ್ಯಾನ್ ಇಂಗನ್ ಅನ್ನುವವರು ಶುರು ಮಾಡಿದ ಕಾರ್ಖಾನೆ. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಹುಲಿ ಚಿರತೆಗಳೆಲ್ಲ ರೈಲಿನಲ್ಲಿ ಉಪ್ಪು ಹಚ್ಚಿಕೊಂಡು ಮೈಸೂರಿಗೆ ಬರುತ್ತಿದ್ದವು. ಹುಲಿ ಚಿರತೆಯೇ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಅವರ ಕೈಯಲ್ಲಿ ಹಾದುಹೋದವು ಅಂದರೆ ಲೆಕ್ಕ ಹಾಕಿ. ಅವರ ನಂತರ ಮಕ್ಕಳು ನಡೆಸಿ, 1999ರಲ್ಲಿ ಕಾರ್ಖಾನೆ ಮುಚ್ಚಿತು. ಮಕ್ಕಳಲ್ಲಿ ಕೊನೆಗೆ ಉಳಿದಿದ್ದ ಜೂಬರ್ಟ್ ಅವರು 2013ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಅಪ್ಪ ಅಲ್ಲಿದ್ದವರಲ್ಲ. ಅಂಥ ದೊಡ್ಡ ಕೆಲಸ ಇರುವ ಊರಿನಲ್ಲಿ ಅದರ ನೆರಳಿನಲ್ಲಿ ಸಣ್ಣ ಕೆಲಸವೂ ಇರುತ್ತದಲ್ಲ, ಹಾಗೆ ಒಬ್ಬರು ಸಣ್ಣ ಯಜಮಾನರ ಶೆಡ್ಡಿನಲ್ಲಿ ಚರ್ಮ ಹೆರೆಯುವುದು, ಹೊಲಿಯುವುದು ಮಾಡುತ್ತಿದ್ದರು. ಹೆಚ್ಚಾಗಿ ಹಾಳಾದ ಚರ್ಮಗಳೇ ಇವರಿಗೆ ಬರುತ್ತಿದ್ದುದು.

1968ರ ಬೇಸಿಗೆ. ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ನನ್ನ ತಮ್ಮ ಹುಟ್ಟಿ ಐದು ತಿಂಗಳು. ಅರಸೀಕೆರೆ ಕಡೆಯ ಜಮೀನ್ದಾರರೊಬ್ಬರು ಒಂದು ಕರಡಿ ಚರ್ಮ ತಂದರು. ಅವರ ದನ ಕಾಯುವವನ ಮೇಲೆ ಕರಡಿ ಬಿದ್ದಿತ್ತು. ಕರಡಿ ಹುಲಿಯ ಹಾಗಲ್ಲ, ಎದ್ದು ನಿಂತು ಮುಖಕ್ಕೇ ಬಾಯಿ ಹಾಕುತ್ತದೆ. ಅದಕ್ಕೆ ಇವರು ಬಂದೂಕು ಹಿಡಿದು ಹೋಗಿ ಹೊಡೆದರು. ಆಗ ಪರವಾನಗಿ ಇದ್ದರೆ ಹೊಡೆಯಬಹುದಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆ ದನಗಾಹಿಯನ್ನೂ ಜೊತೆಗೆ ಕರೆತಂದಿದ್ದರು. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ನಾನೇ ನೋಡಿದೆ. ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ, ತಲೆಗೂ ಅರ್ಧ ಮುಖಕ್ಕೂ ಟವೆಲ್ಲು ಸುತ್ತಿಕೊಂಡು ಕೂತಿದ್ದ. ಟವೆಲ್ಲಿನ ಕೆಳಗೆ ಆಸ್ಪತ್ರೆಯ ಹೊಲಿಗೆ ಸಾಲಾಗಿ ಕಾಣುತ್ತಿತ್ತು. ಚರ್ಮ ಒಳಗೆ ಕೊಟ್ಟು ಮುಗಿಯುವವರೆಗೂ ಅವನು ಒಳಗೆ ತಿರುಗಿ ನೋಡಲಿಲ್ಲ.

ಚರ್ಮದ ಗತಿ ಕೇಳಬೇಡಿ. ಸುಲಿದವನಿಗೆ ಕೆಲಸ ಬರುತ್ತಿರಲಿಲ್ಲ, ಅಲ್ಲಲ್ಲಿ ಕತ್ತಿ ತಾಗಿ ಸೀಳಿತ್ತು. ಭುಜದ ಹತ್ತಿರ ಗುಂಡಿನ ತೂತು. ಒಂದು ಕಿವಿಯನ್ನು ನಾಯಿ ಕಚ್ಚಿಕೊಂಡು ಹೋಗಿತ್ತು. ಉಪ್ಪು ಹಾಕುವುದು ತಡವಾಗಿ ಒಂದು ಪಕ್ಕೆಯಲ್ಲಿ ಕೂದಲು ಕಿತ್ತುಬರುತ್ತಿತ್ತು. ಅಪ್ಪ ಅದನ್ನು "ಜಾರಿದೆ" ಅನ್ನುತ್ತಿದ್ದರು. ಒಮ್ಮೆ ಜಾರಿದ ಕೂದಲನ್ನು ಬ್ರಹ್ಮ ಬಂದರೂ ನಿಲ್ಲಿಸಲಾರ. ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಹಬ್ಬಕ್ಕೆ ಮುಂಚೆ ಹಾಸು ಮಾಡಿಕೊಡಬೇಕು ಅಂತ ಜಮೀನ್ದಾರರು. ಆಗಲಿ ಅಂತ ಯಜಮಾನರು ಮುಂಗಡ ತೆಗೆದುಕೊಂಡರು. ಅದರಲ್ಲಿ ಅಪ್ಪನಿಗೂ ಸ್ವಲ್ಪ ಕೊಟ್ಟರು, ಅದು ತಮ್ಮನ ಕಾಯಿಲೆಗೆ ಮಾಡಿದ್ದ ಸಾಲಕ್ಕೆ ಹೋಯಿತು.

ಹೆರೆದು, ಉಪ್ಪು ಪಟಿಕದ ನೀರಿನಲ್ಲಿ ನೆನೆಹಾಕಿ ಹದ ಮಾಡುವವರೆಗೆ ಎಲ್ಲಾ ಸರಿ ನಡೆಯಿತು. ಹೊಲಿಯಬೇಕು ಅನ್ನುವ ಹೊತ್ತಿಗೆ ಅಪ್ಪನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು. ಬೆರಳು ಬದನೆಕಾಯಿಯ ಹಾಗಾಯಿತು. ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ರಾತ್ರಿಯೆಲ್ಲ ನರಳಿದರು. ಹದ ಮಾಡಿದ ಚರ್ಮ ಒದ್ದೆಯಾಗಿರುವಾಗಲೇ ಹೊಲಿಯಬೇಕು. ಒಣಗಿದರೆ ಮರದ ಹಲಗೆ, ಮತ್ತೆ ಮತ್ತೆ ನೆನೆಸಿದರೆ ಕೊಳೆತೀತು. ಯಜಮಾನರಿಗೆ ಹೇಳಿದರೆ ಬೇರೆಯವರಿಗೆ ಕೊಡುತ್ತಾರೆ, ಮುಂಗಡ ವಾಪಸು ಕೇಳುತ್ತಾರೆ. ಮೂರನೇ ದಿನ ಸಂಜೆ ಅಪ್ಪ ಚರ್ಮವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿ, ಎಡಗೈಯಲ್ಲಿ ತಳ್ಳಿಕೊಂಡು ಮನೆಗೆ ತಂದರು.

"ನೋಡೇ, ನೀನು ಹೊಲೀಬೇಕು" ಅಂದರು.

ಅವ್ವ ಏನೂ ಅನ್ನಲಿಲ್ಲ. ನಮ್ಮ ಬೀದಿಯಲ್ಲಿ ಹಳೇ ಸೀರೆಯ ಕೌದಿ ಹೊಲಿಯುವುದರಲ್ಲಿ ಅವ್ವನ ಕೈಯೇ ಕೈ. ತಮ್ಮನಿಗೆ ಹಾಲು ಕುಡಿಸಿ ನನ್ನ ಮಡಿಲಿಗೆ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾಟೀನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಅಪ್ಪ ಬಾಯಲ್ಲಿ ಹೇಳುವುದು, ಅವ್ವ ಕೈಯಲ್ಲಿ ಮಾಡುವುದು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಲಿಗೆ ಬಲ್ಲ ಸೋದರಿಯರಿಗೆ ಇದು ಸುಲಭವಾಗಿ ತಿಳಿಯುತ್ತದೆ ನೋಡಿ. ಗುಂಡಿನ ತೂತು ಉರುಟಾಗಿರುತ್ತದೆ. ಅದನ್ನು ಹಾಗೇ ಸುತ್ತ ಎಳೆದು ಕಟ್ಟಿದರೆ ಏನಾಗುತ್ತದೆ? ಸುಕ್ಕು ಬಿದ್ದು ಗಂಟಾಗುತ್ತದೆ. ಅದಕ್ಕೆ ತೂತಿನ ಎರಡು ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿ ಕಣ್ಣಿನ ಆಕಾರ ಮಾಡಿಕೊಳ್ಳಬೇಕು, ಆಮೇಲೆ ಎರಡು ರೆಪ್ಪೆ ಮುಚ್ಚಿದ ಹಾಗೆ ಸೇರಿಸಿ ಹೊಲಿಯಬೇಕು. ನಾವು ರವಿಕೆಗೆ ಡಾರ್ಟ್ ಹಿಡಿಯುವುದಿಲ್ಲವೇ, ಅದೇ ಲೆಕ್ಕ. ಅಪ್ಪ ಇದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅವ್ವ ಕತ್ತರಿ ಇಟ್ಟಾಗಿತ್ತು. "ಯಾರು ಹೇಳ್ಕೊಟ್ರೇ ನಿಂಗೆ?" ಅಂದರು ಅಪ್ಪ.

ಸೂಜಿ ಸಾಧಾರಣದ್ದಲ್ಲ, ತುದಿ ಮೂರು ಅಂಚಾಗಿ ಹರಿತವಾಗಿರುತ್ತದೆ. ಚುಚ್ಚುವುದಿಲ್ಲ, ಕೊಯ್ದುಕೊಂಡೇ ಒಳಗೆ ಹೋಗುತ್ತದೆ. ದಾರಕ್ಕೆ ಜೇನುಮೇಣ ಸವರಬೇಕು. ಹೊಲಿಯುವುದೆಲ್ಲ ಒಳಮೈ ಕಡೆಯಿಂದ. ಒಂದೊಂದು ಹೊಲಿಗೆಗೂ ಕೂದಲನ್ನು ಬೆರಳಿನಿಂದ ಆ ಕಡೆಗೆ ತಳ್ಳುತ್ತಾ ಹೋಗಬೇಕು, ಒಂದು ಎಳೆ ಸಿಕ್ಕಿಕೊಂಡರೂ ಹೊರಗಿನಿಂದ ಗೆರೆ ಬೀಳುತ್ತದೆ. ತೇಪೆ ಹಾಕುವಾಗ ಕೂದಲು ಯಾವ ಕಡೆ ಮಲಗಿದೆ ಅಂತ ನೋಡಿ ಹಾಕಬೇಕು, ಹೂವಿನ ಸೀರೆಗೆ ತೇಪೆ ಹಾಕುವಾಗ ಹೂವು ತಲೆಕೆಳಗಾಗದ ಹಾಗೆ. ಕರಡಿಯಲ್ಲಿ ಒಂದು ಅನುಕೂಲ ಉಂಟು. ಹೆಗಲ ಮೇಲೆ ಗೇಣುದ್ದದ ಕೂದಲು, ಅದರ ಕೆಳಗೆ ಏನು ಹೊಲಿದರೂ ಮುಚ್ಚಿಹೋಗುತ್ತದೆ. ಮುಸುಡಿಯಲ್ಲಿ ಮಾತ್ರ ಮೋಸ ನಡೆಯುವುದಿಲ್ಲ, ಅಲ್ಲಿ ಕೂದಲು ಗಿಡ್ಡ, ಬಣ್ಣವೂ ತಿಳಿ. ಇಲ್ಲದ ಕಿವಿಯನ್ನು ಕತ್ತಿನ ತುಂಡೊಂದನ್ನು ಮಡಿಸಿ ಮಾಡಿದರು. ಅದು ಇನ್ನೊಂದಕ್ಕಿಂತ ಒಂದು ತೂಕ ದೊಡ್ಡದಾಯಿತು. "ಕರಡಿ ಕಿವಿ ಯಾರು ಅಳೀತಾರೆ ಬಿಡಿ" ಅಂದಳು ಅವ್ವ. ಇಬ್ಬರೂ ನಕ್ಕರು. ಆ ದಿನಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ನನಗೆ ಅಷ್ಟಾಗಿ ನೆನಪಿಲ್ಲ.

ಎರಡು ರಾತ್ರಿ ಹೀಗೆ ಕಳೆಯಿತು. ಕೆಲಸ ಮುಗಿಸಿ ಅವ್ವ ಸೀಗೆಪುಡಿ ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದು, ಆಮೇಲೇ ಮಗು ಮುಟ್ಟುತ್ತಿದ್ದಳು. ಉಪ್ಪು ಪಟಿಕಕ್ಕೆ ಬೆರಳೆಲ್ಲ ಬಿರಿದು ಸಾರಿನ ಖಾರ ತಾಗಿದರೆ ಹಾ ಎನ್ನುತ್ತಿದ್ದಳು.

ಮೂರನೇ ರಾತ್ರಿ ಹೊಟ್ಟೆಯ ಅಂಚು ಉಳಿದಿತ್ತು. ಸುಲಿಯುವಾಗ ಹೊಟ್ಟೆಯ ನಡುವೆ ಸೀಳುತ್ತಾರೆ. ಹಾಗಾಗಿ ಕರಡಿಯ ಎದೆಯ ಮೇಲಿರುವ ಬಿಳೀ ಗುರುತು ಎರಡು ಹೋಳಾಗಿ, ಹಾಸಿದಾಗ ಒಂದು ಈ ಅಂಚಿಗೆ ಒಂದು ಆ ಅಂಚಿಗೆ ಹೋಗುತ್ತದೆ. ಹೊಟ್ಟೆಯಲ್ಲಿ ಕೂದಲು ತೆಳು, ಅಂದವಿಲ್ಲ ಅಂತ ಅಂಚನ್ನು ನೇರವಾಗಿ ಕತ್ತರಿಸಿ ಎಸೆಯುವುದು ಪದ್ಧತಿ. ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಅವ್ವ ಕತ್ತರಿ ತೆಗೆದುಕೊಂಡು, ಅಂಚನ್ನು ಲಾಟೀನಿನ ಹತ್ತಿರ ಎತ್ತಿ ಹಿಡಿದು ನೋಡಿದಳು. ನೋಡುತ್ತಲೇ ಇದ್ದಳು.

"ಇದು ಮೊಲೆ ಉಣ್ಣಿಸ್ತಿದ್ದ ತಾಯಿ ಕಣ್ರೀ."

ಅಪ್ಪ ಬಗ್ಗಿ ನೋಡಿದರು. ತೊಟ್ಟುಗಳು ದಪ್ಪವಾಗಿದ್ದವು, ಸುತ್ತ ಮರಿಗಳ ಬಾಯಿ ತಾಗಿ ಕೂದಲು ಸವೆದು ಬೋಳಾಗಿತ್ತು.

"ಮರಿ ಏನಾಯ್ತು?"

"ನಂಗೇನು ಗೊತ್ತು. ಹೊಲಿ, ಎಣ್ಣೆ ಮುಗೀತದೆ."

ಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಮರಿಗಳು ಆ ಹೆಗಲಿನ ಉದ್ದ ಕೂದಲನ್ನೇ ಹಿಡಿದು ಕೂರುತ್ತವೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ವರ್ಷದ ಮೇಲೆ. ಅವ್ವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಹೆಗಲನ್ನು ಹೊಲಿಯುತ್ತಿದ್ದಳೋ ಇಲ್ಲವೋ. ಅಷ್ಟರಲ್ಲಿ ತಮ್ಮ ಎದ್ದು ಅತ್ತ. ಅವ್ವ ಕೈ ತೊಳೆದು, ಅವನಿಗೆ ಹಾಲು ಕೊಟ್ಟು, ತಿರುಗಿ ಬಂದು ಕೂತು, "ನನ್ ಕೈಲಿ ಕತ್ತರಿ ಹಾಕಕ್ಕಾಗಲ್ಲ" ಅಂದಳು. ಅಪ್ಪ ಗದರಿದರು. ಅವ್ವ ಉತ್ತರ ಕೊಡಲಿಲ್ಲ. ಅಂಚನ್ನು ಕತ್ತರಿಸುವ ಬದಲು ಒಳಕ್ಕೆ ಮಡಿಸಿ, ಸೀರೆಯ ಅಂಚು ಮಡಿಸುವ ಹಾಗೆ ಉದ್ದಕ್ಕೂ ಹೊಲಿದಳು. ಮಧ್ಯದಲ್ಲಿ ಕಪ್ಪು ದಾರ ಮುಗಿಯಿತು. ಅಂಗಡಿ ಬಾಗಿಲು ಹಾಕಿತ್ತು. ತನ್ನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದು, ನಾಲ್ಕು ಎಳೆ ಮಾಡಿ, ಮೇಣ ಸವರಿ ಮುಗಿಸಿದಳು.

ಬೆಳಗಾಗುವ ಮುಂಚೆ ಅಪ್ಪ ಚರ್ಮ ಶೆಡ್ಡಿಗೆ ಸೇರಿಸಿದರು. ಆಮೇಲಿನ ಕೆಲಸವೆಲ್ಲ ಅಲ್ಲೇ ಆದದ್ದು. ಹಲಗೆಯ ಮೇಲೆ ಬೆನ್ನಿನ ನಡುಗೆರೆ ನೋಡಿ ಎರಡೂ ಕಡೆ ಸಮ ಎಳೆದು ಮೊಳೆ ಹೊಡೆದು ಒಣಗಿಸುವುದು, ಯಜಮಾನರು ತಲೆ ಕೂರಿಸಿ ಗಾಜಿನ ಕಣ್ಣಿಟ್ಟು ಮೂಗಿಗೆ ಬಣ್ಣ ಹಚ್ಚುವುದು, ಕೊನೆಗೆ ಕ್ಯಾನ್ವಾಸ್ ಬಟ್ಟೆಯ ಅಸ್ತರು ಕೊಟ್ಟು ಸುತ್ತ ಹಸಿರು ಫೆಲ್ಟ್ ಬಟ್ಟೆಯ ಅಂಚು ಕಟ್ಟುವುದು. ಅಷ್ಟರಲ್ಲಿ ಅಪ್ಪನ ಬೆರಳು ವಾಸಿಯಾಗಿತ್ತು, ಅಸ್ತರು ಅವರೇ ಹೊಲಿದರು. ಜಮೀನ್ದಾರರು ಕೂದಲು ಕೆದಕಿ ಕೆದಕಿ ನೋಡಿ, ಹೊಲಿಗೆ ಎಲ್ಲಿದೆ ಅಂತಲೇ ಸಿಕ್ಕದೆ, ಅಪ್ಪನಿಗೆ ಇಪ್ಪತ್ತೈದು ರೂಪಾಯಿ ಇನಾಮು ಕೊಟ್ಟರು. "ನಿನ್ ಕೈಗೆ ಬಂಗಾರದ ಕಡಗ ಹಾಕ್ಬೇಕಯ್ಯಾ" ಅಂದರಂತೆ. ಅಪ್ಪ ಇದನ್ನು ಮನೆಗೆ ಬಂದು ಎದೆಯುಬ್ಬಿಸಿ ಹೇಳಿದರು. ಅವ್ವ ಮುದ್ದೆ ತಿರುವುತ್ತಿದ್ದಳು. "ಕೈ ತೊಳ್ಕೊಳ್ಳಿ, ಊಟಕ್ಕೆ" ಅಂದಳು.

ಅಲ್ಲಿಗೆ ಮುಗಿಯಿತು. ಅಪ್ಪ ನೆಂಟರಿಷ್ಟರಲ್ಲಿ ಆ ಕರಡಿಯ ಕಥೆ ಎಷ್ಟು ಸಲ ಹೇಳಿದರೋ! ಒಮ್ಮೆಯೂ ಅವ್ವನ ಹೆಸರು ಬರಲಿಲ್ಲ. ನಾನು ಮದುವೆಯಾಗಿ ಹೋದ ಮೇಲೂ, ತವರಿಗೆ ಬಂದಾಗ ಆ ಕಥೆ ಶುರುವಾದರೆ ನನಗೆ ಮೈ ಉರಿಯುತ್ತಿತ್ತು. ಒಂದು ಸಲ ಎಲ್ಲರ ಮುಂದೆ ಹೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಅವ್ವ ಬಾಗಿಲ ಸಂದಿಯಿಂದ ಕಣ್ಣಲ್ಲೇ ಸುಮ್ಮನಿರಿಸಿದಳು. ಈಗ ಇಬ್ಬರೂ ಇಲ್ಲ. ಆ ಒಂದು ವಿಷಯಕ್ಕೆ ಅಪ್ಪನ ಮೇಲಿನ ಸಿಟ್ಟು ಮಾತ್ರ ನನ್ನಲ್ಲಿ ಉಳಿದಿತ್ತು. ನಿಮ್ಮಲ್ಲೂ ಎಷ್ಟೋ ಜನಕ್ಕೆ ಹೀಗೆ ಒಂದೊಂದು ಇರುತ್ತದೆ, ಅಲ್ಲವೇನ್ರೀ?

ಈಗ ಗೌರಿ ಹಬ್ಬದ ದಿನಕ್ಕೆ ಬನ್ನಿ. ಮಗುವಿನ ಕೈ ತೊಳೆಸಿ ಬಂದ ಮೇಲೆ ಸೊಸೆ, "ಆಂಟಿ, ಇದರ ಅಂಚು ಬಿಟ್ಕೊಂಡಿದೆ, ಅಲ್ಲಲ್ಲಿ ಹುಳು ತಿಂದಿದೆ. ಹೊಸ ಮನೆ ಗೃಹಪ್ರವೇಶಕ್ಕೆ ಗೋಡೆಗೆ ಹಾಕ್ಬೇಕು ಅಂತಾರೆ ಇವರು. ನೀವು ಇಷ್ಟು ಚೆನ್ನಾಗಿ ಹೊಲೀತೀರ, ಸರಿಮಾಡಿ ಕೊಡ್ತೀರಾ? ಬೆಂಗಳೂರಲ್ಲಿ ಯಾರೋ ಗುಟ್ಟಾಗಿ ಮಾಡ್ಕೊಡ್ತಾರಂತೆ, ಬಹಳ ದುಡ್ಡು ಕೇಳ್ತಾರೆ" ಅಂದಳು. ನಾನು ನೋಡುತ್ತಿದ್ದುದು ಅಂಚನ್ನಲ್ಲ. ಎಡಗಿವಿ ಬಲಗಿವಿಗಿಂತ ಒಂದು ತೂಕ ದೊಡ್ಡದಿತ್ತು.

ಮೂಗಿಗೆ ಸೆರಗು ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಬಿಟ್ಟುಕೊಂಡಿದ್ದ ಅಸ್ತರಿನ ಮೂಲೆಯನ್ನು ಮೆಲ್ಲಗೆ ಎತ್ತಿದೆ. ಏನನ್ನೂ ಬಿಚ್ಚಲಿಲ್ಲ, ಅದಾಗಿ ಬಿಚ್ಚಿದ್ದಷ್ಟೇ. ಒಳಗೆ ಮಡಿಸಿದ ಅಂಚು. ಕಪ್ಪು ಹೊಲಿಗೆ ಗೇಣುದ್ದ, ಆಮೇಲೆ ಕೆಂಪು. ಬಣ್ಣ ಮಾಸಿ ಇಟ್ಟಿಗೆ ಪುಡಿಯ ಹಾಗಾಗಿತ್ತು, ಆದರೆ ಕೆಂಪೇ. ಒಂದೊಂದು ಹೊಲಿಗೆಯೂ ಭತ್ತದ ಕಾಳಿನಷ್ಟು, ಓರೆಯಾಗಿ, ಅವ್ವನ ಕೌದಿಯಲ್ಲಿ ಇರುತ್ತಿದ್ದ ಹಾಗೆಯೇ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಅಸ್ತರನ್ನು ಹೊಲಿದವರು ಅಪ್ಪ. ಆ ಕೆಂಪು ದಾರ ಅವರ ಕಣ್ಣಿಗೆ ಬಿದ್ದೇ ಇರಬೇಕು. ಬಿಚ್ಚಿ ಕಪ್ಪು ದಾರ ಹಾಕಬಹುದಿತ್ತು. ಶೆಡ್ಡಿನಲ್ಲಿ ದಾರಕ್ಕೇನು ಬರ. ಸೀಮೆಸುಣ್ಣದ ಗೆರೆಯ ಪ್ರಕಾರ ಆ ಅಂಚನ್ನು ಕತ್ತರಿಸಿಯೇ ಹಾಕಬಹುದಿತ್ತು, ಮೊಳೆ ಹೊಡೆಯಲು ಮಡಿಕೆಯಿಂದ ತೊಂದರೆಯೇ ಆಗಿರುತ್ತದೆ. ಯಜಮಾನರು ನೋಡಿದ್ದರೆ ಏನು ಉತ್ತರ ಕೊಡುತ್ತಿದ್ದರೋ. ಆದರೂ ಹಾಗೇ ಬಿಟ್ಟು ಅದರ ಮೇಲೆ ಅಸ್ತರು ಹೊಲಿದಿದ್ದರು. ಸೋಮಾರಿತನವೋ, ಹೊತ್ತಾಗಿತ್ತೋ, ಮತ್ತೇನೋ. ನೀವೇ ಹೇಳಿ.

ಸೊಸೆಗೆ ನಾನು ಹೊಲಿದುಕೊಡುವುದಿಲ್ಲ ಅಂದೆ. ಗುಟ್ಟಾಗಿ ಮಾಡುವವರಿಗೂ ಕೊಡಬೇಡಿ ಅಂದೆ. ಕರಡಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ಚರ್ಮ ಹಳೆಯದಾದರೂ ಅರಣ್ಯ ಇಲಾಖೆಯ ಒಡೆತನದ ಪ್ರಮಾಣಪತ್ರ ಬೇಕು. ಪತ್ರ ಮಾವನವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ, ವಾರಸುದಾರರು ತೊಂಬತ್ತು ದಿನದೊಳಗೆ ಇಲಾಖೆಗೆ ತಿಳಿಸಬೇಕು. ಮಾರುವ ಹಾಗಿಲ್ಲ. 2023ರ ಅಕ್ಟೋಬರಿನಲ್ಲಿ ಕೊರಳಲ್ಲಿ ಹುಲಿಯುಗುರು ಹಾಕಿಕೊಂಡ ಟಿ.ವಿ. ಸ್ಪರ್ಧಿಯನ್ನು ಬೆಂಗಳೂರಿನಲ್ಲಿ ಹಿಡಿದುಕೊಂಡು ಹೋದದ್ದು ನೆನಪಿದೆಯಲ್ಲ? ಬೇಡ ಅನ್ನುವವರಿಗೂ ದಾರಿಯಿದೆ. 2022ರ ತಿದ್ದುಪಡಿಯಲ್ಲಿ, ಏಳು ಕೆಲಸದ ದಿನ ಮುಂಚೆ ತಿಳಿಸಿ, ತಾವಾಗಿ ಇಲಾಖೆಗೆ ಒಪ್ಪಿಸಬಹುದು ಅಂತ ಸೇರಿಸಿದ್ದಾರೆ. ಅದಕ್ಕೆ ದುಡ್ಡು ಕಾಸು ಸಿಗುವುದಿಲ್ಲ.

ಮಗ ಮೊದಲು ಒಪ್ಪಲಿಲ್ಲ. "ತಾತ ಹೊಡೆದಿದ್ದು, ಮನೆತನದ ಗುರುತು" ಅಂದ. ಸೊಸೆ ಜಗಳವಾಡಲಿಲ್ಲ. ಮಗುವನ್ನು ಎತ್ತಿ ಅವನ ಮಡಿಲಲ್ಲಿ ಕೂರಿಸಿ, ಪಾಷಾಣದ ವಿಷಯ ಹೇಳಿದಳು. ನಾನು ಮಡಿಸಿದ ಅಂಚಿನ ಒಳಗೆ ಏನಿದೆ ಅಂತ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ, ಅವರ ತಾತನಿಗೂ ಗೊತ್ತಿತ್ತೋ ಇಲ್ಲವೋ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದನಗಾಹಿ ಮೊಮ್ಮಕ್ಕಳು ಇನ್ನೂ ನಮ್ಮ ತೋಟದಲ್ಲೇ ಇದ್ದಾರೆ" ಅಂದ. ಯಾಕೆ ಹೇಳಿದನೋ. ವಾರದ ಮೇಲೆ ಅರ್ಜಿ ಬರೆದ.

ಇಲಾಖೆಯವರು ಬರುವ ದಿನ ಸೊಸೆ ನನ್ನನ್ನು ಕರೆಸಿದಳು. ಹಳೇ ದುಪ್ಪಟಿಯಲ್ಲಿ ಅದನ್ನು ಸುತ್ತಿದೆವು. ಸುತ್ತುವಾಗ, "ಆಂಟಿ, ಆ ದಾರದಲ್ಲಿ ಒಂದೆಳೆ ತೆಕ್ಕೊಳ್ಳಿ, ಯಾರಿಗೆ ಗೊತ್ತಾಗುತ್ತೆ" ಅಂತ ಪಿಸುಗುಟ್ಟಿದಳು. ಕೈ ಹೋಗಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಅವ್ವನ ಹೊಲಿಗೆ ಒಂದು ಕಡೆ ಕಿತ್ತರೆ ಸಾಲಾಗಿ ಬಿಚ್ಚಿಕೊಳ್ಳುವಂಥದ್ದು. ಬಿಟ್ಟುಬಿಟ್ಟೆ. ಬಂದವರು ಅಗಲ, ಉದ್ದ ಅಳೆದು, ಉಗುರು ಎಣಿಸಿ ಬರೆದುಕೊಂಡರು. "ಚೆನ್ನಾಗಿ ಕೆಲಸ ಮಾಡಿದ್ದಾರೆ, ಹೊಲಿಗೆನೇ ಕಾಣಲ್ಲ. ಮೈಸೂರಿನ ಕೆಲಸ ಇರ್ಬೇಕು" ಅಂದರು ಅವರಲ್ಲೊಬ್ಬರು.

"ಹೌದು ಸಾರ್. ನಮ್ಮವ್ವ ಹೊಲಿದಿದ್ದು" ಅಂದೆ.

ಅವರು ನಕ್ಕು, ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಅದನ್ನು ಜೀಪಿನ ಹಿಂದೆ ಇಟ್ಟರು. ಸೊಸೆ ದುಪ್ಪಟಿ ವಾಪಸು ಕೇಳೋಣವೇ ಅಂದಳು. ಬೇಡ, ಅದೂ ಹೋಗಲಿ ಅಂದೆ. ಇಬ್ಬರೂ ಹಿತ್ತಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಎರಡೆರಡು ಸಲ ಕೈ ತೊಳೆದುಕೊಂಡೆವು.